ಒಂದೇ ದರದ ಹಲಗೆಗಳು

ಲಕ್ಷ್ಮೇಶ್ವರದ ಖಾನಾವಳಿಯ ಮಾಲಕಿ ಮೊದಲ ಸಲ ಗದಗಿನ ನನ್ನ ಆಫೀಸಿಗೆ ಬಂದಾಗ, ಕುರ್ಚಿಯಲ್ಲಿ ಕೂರುವ ಮೊದಲೇ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. ಮನೆಮನೆಗೆ ಊಟ ತಲುಪಿಸುವ ದೊಡ್ಡ ಕಂಪನಿಯೊಂದರ ಆ್ಯಪು ಅದರಲ್ಲಿ ತೆರೆದಿತ್ತು. ಅವರ ಖಾನಾವಳಿಯ ಹೆಸರು ಬೂದುಬಣ್ಣಕ್ಕೆ ತಿರುಗಿ, ಅದರ ಕೆಳಗೆ ‘ಮುಚ್ಚಿದೆ’ ಎಂದು ಬರೆದಿತ್ತು.

“ಇಬ್ಬರು ಹೆಣಮಕ್ಕಳು ಅಲ್ಲಿ ಈಗೂ ರೊಟ್ಟಿ ಬಡ್ಯಾಕತ್ತಾರ್ರಿ. ಒಲಿ ಉರ್ಯಾಕತ್ತೈತಿ. ಮಂದಿ ಕುಂತು ಉಣ್ಣಾಕತ್ತಾರ. ಇಂವ ನೋಡಿದ್ರ ಬಂದ್ ಅಂತ ತೋರಸ್ತಾನ. ನನ್ನ ಖಾನಾವಳಿ ಬಂದ್ ಮಾಡಾಕ ಇಂವ ಯಾರ್ರಿ?”

ಸಂಗತಿ ಇಷ್ಟು. ಪ್ರತಿ ಊಟದಲ್ಲಿ ಕಂಪನಿ ತನ್ನ ಪಾಲು ಮುರಿದುಕೊಳ್ಳುತ್ತದೆ. ಅದು ಹೋದ ಮೇಲೆ ಉಳಿಯುವುದು ಜೋಳದ ಹಿಟ್ಟಿಗೂ ಸಾಲದೆಂದು ಮಾಲಕಿ ಆ್ಯಪಿನಲ್ಲಿ ಊಟದ ಬೆಲೆ ಸ್ವಲ್ಪ ಏರಿಸಿದ್ದರು. ಬೆಂಚಿನ ಮೇಲೆ ಕೂತು ಉಣ್ಣುವವರಿಗೆ ಹಳೆಯ ಬೆಲೆಯೇ ಇತ್ತು. ಕಂಪನಿಯ ಕರಾರು ಇದಕ್ಕೆ ಒಪ್ಪುವುದಿಲ್ಲ. ಆ್ಯಪಿಗಿಂತ ಕಡಿಮೆ ಬೆಲೆಗೆ ಬೇರೆಲ್ಲೂ ಮಾರುವಂತಿಲ್ಲ, ಸ್ವಂತ ಖಾನಾವಳಿಯೊಳಗೂ ಮಾರುವಂತಿಲ್ಲ. ಒಂದು ದಿನ ಕಂಪನಿಯವನೊಬ್ಬ ಗಿರಾಕಿಯ ಹಾಗೆ ಬಂದು, ಕೇಳಿ ಕೇಳಿ ಪಲ್ಯ ಹಾಕಿಸಿಕೊಂಡು ಉಂಡು, ಗೋಡೆಯ ಮೇಲಿನ ದರದ ಹಲಗೆಯ ಫೋಟೊ ತೆಗೆದುಕೊಂಡು ಹೋಗಿದ್ದ. ಅಂದಿನಿಂದ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಆ್ಯಪಿನಲ್ಲಿ ಖಾನಾವಳಿ ಮುಚ್ಚುತ್ತಿತ್ತು, ಹೊತ್ತು ಮೀರಿದ ಮೇಲೆ ತೆರೆಯುತ್ತಿತ್ತು. ಬ್ಯಾಂಕಿನವರು, ದವಾಖಾನೆಯ ನರ್ಸುಗಳು, ಬಾಡಿಗೆ ಕೋಣೆಯ ಮಾಸ್ತರರು ಎಲ್ಲರೂ ಈಗ ಫೋನಿನಲ್ಲೇ ಊಟ ಹೇಳುವವರು. ಅವರನ್ನು ಕಳೆದುಕೊಂಡರೆ ಖಾನಾವಳಿ ಉಳಿಯುತ್ತಿರಲಿಲ್ಲ.

ನಾನು ಹೊಲದ ಬಾಂದು, ಅಣ್ಣತಮ್ಮಂದಿರ ಪಾಲು ಇಂಥವುಗಳ ವಕೀಲೆ. ಇದು ನನ್ನ ಕೆಲಸವಲ್ಲ ಎಂದು ಹೇಳಿ ಅವರನ್ನು ಬೇರೆಯವರ ಹತ್ತಿರ ಕಳಿಸಬೇಕಿತ್ತು. ಕಳಿಸಲಿಲ್ಲ. ಮಾರುಕಟ್ಟೆಯಲ್ಲಿ ದೊಡ್ಡವರು ಸಣ್ಣವರನ್ನು ಹಿಸುಕದಂತೆ ನೋಡಿಕೊಳ್ಳಲು ದೆಹಲಿಯಲ್ಲಿ ಒಂದು ಆಯೋಗವಿದೆ, ಅಲ್ಲಿಗೆ ಯಾರು ಬೇಕಾದರೂ ಮಾಹಿತಿ ಸಲ್ಲಿಸಬಹುದು ಎಂದು ಓದಿಕೊಂಡಿದ್ದೆ. ಗದಗಿನಲ್ಲಿ ಕೂತು ಅಂಥ ಕಂಪನಿಯನ್ನು ದೆಹಲಿಗೆ ಎಳೆಯುತ್ತೇನೆ ಎಂಬ ಹುರುಪು ತಲೆಗೆ ಏರಿತ್ತು. ಕೋರ್ಟಿನ ಕ್ಯಾಂಟೀನಿನಲ್ಲಿ ಇದನ್ನು ಒಂದಿಬ್ಬರಿಗೆ ಹೇಳಿಯೂ ಬಿಟ್ಟಿದ್ದೆ. ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ?

ಒಬ್ಬರದೇ ದೂರು ತೂಗುವುದಿಲ್ಲವೆಂದು ನಮ್ಮ ಕಡೆಯ ಖಾನಾವಳಿ ಮಾಲೀಕರ ಸಂಘವನ್ನೂ ಜೊತೆಗೆ ಸೇರಿಸಿದೆ. ಅಧ್ಯಕ್ಷರು ಗದಗಿನವರು, ಬೆಟಗೇರಿ ರಸ್ತೆಯಲ್ಲಿ ದೊಡ್ಡ ಖಾನಾವಳಿ ಇಟ್ಟವರು, ಗಂಟಲೂ ದೊಡ್ಡದು. ಈ ಸಂಘದಲ್ಲಿ ಒಂದು ರೂಢಿಯಿದೆ. ಹೊಸ ಜೋಳ ಪೇಟೆಗೆ ಬಂದಾಗ ಎಲ್ಲರೂ ಶಿರಹಟ್ಟಿಯಲ್ಲಿ ಸೇರುತ್ತಾರೆ. ಆ ವರ್ಷದ ಸರದಿಯವರು ಊಟ ಹಾಕುತ್ತಾರೆ. ಉಂಡು ಎಲೆ ಅಡಿಕೆ ಹಾಕಿಕೊಂಡ ಮೇಲೆ ವರ್ಷದ ಊಟದ ದರವನ್ನು ಗೊತ್ತುಮಾಡುತ್ತಾರೆ. ಆ ದರವನ್ನು ಒಬ್ಬನೇ ಪೇಂಟರು ಎಲ್ಲ ಊರುಗಳ ಖಾನಾವಳಿಗಳಲ್ಲಿ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ಬರೆದು ಬರುತ್ತಾನೆ. ಕೂತು ಉಣ್ಣುವವರಿಂದ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ಕಡಿಮೆಗೂ ಕೊಡುವಂತಿಲ್ಲ.

“ಒಬ್ಬಾಂವ ರೇಟ್ ಇಳಿಸಿದ್ರ ಬಾಜೂದವನ ಒಲಿ ಆರತೈತ್ರಿ. ಅದಕ್ಕ ನಮ್ಮ ಹಿರ್ಯಾರು ಹಾಕಿಕೊಟ್ಟ ಪದ್ಧತಿ ಇದು,” ಎಂದರು ಅಧ್ಯಕ್ಷರು. ನನಗೆ ಎದೆ ತುಂಬಿ ಬಂತು. ಇಂಥ ಒಗ್ಗಟ್ಟಿನ ಜನರನ್ನು ಕಂಪನಿ ಒಡೆಯಲು ನೋಡುತ್ತಿದೆಯಲ್ಲ ಎಂದು ಸಿಟ್ಟೂ ಬಂತು. ಅರ್ಜಿಯ ಮೊದಲ ಪುಟದಲ್ಲೇ ಇದನ್ನು ಹೊಗಳಿ ಬರೆಯಬೇಕೆಂದು ಅಲ್ಲೇ ತೀರ್ಮಾನಿಸಿದೆ.

ಸಾಕ್ಷ್ಯ ಬೇಕಲ್ಲ? ಬಸ್ಸಿನಲ್ಲಿ ಊರೂರು ಅಲೆದೆ. ಗದಗಿನಿಂದ ಲಕ್ಷ್ಮೇಶ್ವರ, ಅಲ್ಲಿಂದ ಶಿರಹಟ್ಟಿ, ಇನ್ನೊಂದು ದಿನ ಮುಂಡರಗಿ. ಪ್ರತಿ ಖಾನಾವಳಿಯಲ್ಲೂ ಮಾಲೀಕರನ್ನು ದರದ ಹಲಗೆಯ ಕೆಳಗೆ ನಿಲ್ಲಿಸಿ ಫೋಟೊ ತೆಗೆದೆ. ಮುಂಡರಗಿಯ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ಇಟ್ಟ ಸಾಹೇಬರು ನಗುನಗುತ್ತಾ, “ವಕೀಲ್ರ, ಹಲಗಿ ಅಷ್ಟ ಬರ್ಲಿ, ನನ್ನ ಹೊಟ್ಟಿ ಬ್ಯಾಡ. ದಿಲ್ಲಿಯಾಂವ ನೋಡಿದ್ರ ಗಿರಾಕಿ ಪಾಲಿಂದೂ ಇಂವನ ಉಂಡಾನ ಅಂತಾನ,” ಎಂದರು. ಅವರ ಹಲಗೆಗೆ ಒಗ್ಗರಣೆಯ ಹೊಗೆ ಹಿಡಿದು ಅಕ್ಷರ ಮಸುಕಾಗಿತ್ತು. ದರ ಸ್ಪಷ್ಟವಾಗಿ ಕಾಣಲೆಂದು ನನ್ನ ಸೆರಗಿನ ತುದಿಯಿಂದಲೇ ಅದನ್ನು ಒರೆಸಿದೆ. ಆ ಸೀರೆಗೆ ಹತ್ತಿದ ಜಿಡ್ಡು ಪೂರ್ತಿ ಹೋಗಲೇ ಇಲ್ಲ.

ಆಯೋಗದ ಮುಂದೆ ವಾದ ಮಾಡಲು ದೆಹಲಿಯ ಯುವ ವಕೀಲರೊಬ್ಬರನ್ನು ಹಿಡಿದಿದ್ದೆ. ಫೋನಿನಲ್ಲೇ ಪರಿಚಯ. ‘ಮಾರುಕಟ್ಟೆ’ ಎಂದರೆ ಯಾವುದು ಎನ್ನುವುದನ್ನು ಗೊತ್ತುಮಾಡುವುದಕ್ಕೇ ನಮಗೆ ಬಹಳ ದಿನ ಹಿಡಿಯಿತು. ಎಲ್ಲ ಬಗೆಯ ಊಟವನ್ನೂ ಒಂದೇ ಮಾರುಕಟ್ಟೆ ಎಂದರೆ ಅದರಲ್ಲಿ ಕಂಪನಿ ಸಣ್ಣದಾಗಿ ಕಾಣುತ್ತದೆ. ಫೋನಿನಲ್ಲಿ ಹೇಳಿ ತರಿಸುವ ಊಟ ಎಂದರೆ ಮಾತ್ರ ಅದರ ಹಿಡಿತ ಕಣ್ಣಿಗೆ ಬೀಳುತ್ತದೆ. ಫೋನಿನಲ್ಲಿ ಹೇಳುವ ಗಿರಾಕಿ ಕಂಪನಿ ಬಿಟ್ಟರೆ ಬೇರೆಲ್ಲಿಗೂ ಹೋಗುವುದಿಲ್ಲ ಎಂದು ತೋರಿಸಲು ನರ್ಸುಗಳನ್ನೂ ಮಾಸ್ತರರನ್ನೂ ಮಾತಾಡಿಸಿ ಹೇಳಿಕೆ ಬರೆಸಿಕೊಂಡೆ. ದೆಹಲಿಯವರು ನನ್ನ ಕೆಲಸವನ್ನು ಮೆಚ್ಚಿದರು. ಲಗತ್ತಿಸಿದ ಫೋಟೊಗಳನ್ನು ಮಾತ್ರ ಅವರು ಗಮನವಿಟ್ಟು ನೋಡಿರಲಿಲ್ಲ. ಹಲಗೆಯ ಕನ್ನಡ ಅಂಕಿಗಳು ಅವರಿಗೆ ಓದಲು ಬರುತ್ತಿರಲಿಲ್ಲ, ಬರುತ್ತಿದ್ದ ನನಗೆ ಅರ್ಥವಾಗಿರಲಿಲ್ಲ.

ಕಂಪನಿಯ ವಕೀಲರಿಗೆ ಓದಲೂ ಬಂತು, ಅರ್ಥವೂ ಆಯಿತು. ಅವರ ಉತ್ತರ ಬಂದಾಗ ಅದರೊಳಗೆ ನನ್ನದೇ ಫೋಟೊಗಳು ದೊಡ್ಡದಾಗಿ, ಸಾಲಾಗಿ ಅಚ್ಚಾಗಿದ್ದವು. ನಾಲ್ಕೂ ಊರುಗಳಲ್ಲಿ ಒಂದೇ ಕೈಬರಹ, ಒಂದೇ ದರ, ಕೆಳಗೆ ನಗುತ್ತಿರುವ ಮಾಲೀಕರು. ಅವರ ವಾದವೂ ಸರಳವಾಗಿತ್ತು. ಈ ಮಾಲಕಿ ತನ್ನ ಖಾನಾವಳಿಯಲ್ಲಿ ಬೆಲೆ ಏರಿಸಿದ್ದರೆ ಕಂಪನಿಯ ಜೊತೆ ತಕರಾರೇ ಇರುತ್ತಿರಲಿಲ್ಲ. ಏರಿಸದಂತೆ ಅವರ ಕೈ ಕಟ್ಟಿದವರು ನಾವಲ್ಲ, ಅವರದೇ ಸಂಘ. ಪೈಪೋಟಿ ಮಾಡಬೇಕಾದವರು ಒಟ್ಟಿಗೆ ಕೂತು ಬೆಲೆ ನಿಗದಿ ಮಾಡುವುದು ಇದೇ ಕಾನೂನಿನಲ್ಲಿ ದೊಡ್ಡ ಅಪರಾಧ. ಇದನ್ನೂ ತನಿಖೆ ಮಾಡಬೇಕು.

ಓದಿ ಮುಗಿಸಿ ಕಪಾಟಿನಿಂದ ಪುಸ್ತಕ ತೆಗೆದೆ. ಆ ಕಾನೂನಿನ ಪುಸ್ತಕದಲ್ಲಿ ಕಂಪನಿಯನ್ನು ಹಿಡಿಯುವ ಕಲಮನ್ನು ಗೆರೆ ಎಳೆದು ಓದಿದ್ದೆ. ಒಪ್ಪಂದ ಮಾಡಿಕೊಂಡು ಬೆಲೆ ಕಟ್ಟುವವರನ್ನು ಹಿಡಿಯುವ ಕಲಮು ಅದಕ್ಕೂ ಮುಂಚೆಯೇ ಇದೆ. ಅದನ್ನೂ ಓದಿದ್ದೆ. ಅದು ಸಿಮೆಂಟು, ಉಕ್ಕು ಮಾರುವ ಸಾಹುಕಾರರಿಗೆ ಬರೆದದ್ದು ಎಂದುಕೊಂಡಿದ್ದೆ. ಎಲ್ಲ ಕಡೆ ಒಂದೇ ದರವಿದ್ದರೆ ಅದು ಪ್ರಾಮಾಣಿಕತೆ ಎಂದು ಚಿಕ್ಕಂದಿನಿಂದ ನಂಬಿಕೊಂಡು ಬಂದವಳು ನಾನು.

ಆಯೋಗ ಎರಡನ್ನೂ ತನಿಖೆಗೆ ಒಪ್ಪಿಸಿತು. ಅಧಿಕಾರಿಗಳು ಹುಬ್ಬಳ್ಳಿಗೆ ಬಂದು ಹೇಳಿಕೆ ತೆಗೆದುಕೊಂಡರು. ಬೆಂಗಳೂರಿನಿಂದ ಬಂದಿದ್ದ ಭಾಷಾಂತರದವರಿಗೆ ನಮ್ಮ ಮಾಲಕಿಯ ಮಾತು ಸರಿಯಾಗಿ ತಿಳಿಯದೆ, ಎರಡೂ ಕಡೆಯವರ ಒಪ್ಪಿಗೆ ಪಡೆದು ನನ್ನನ್ನೇ ನೆರವಿಗೆ ಕರೆದರು. ಪಕ್ಕದ ಖಾನಾವಳಿಯವರ ಜೊತೆ ನಿಮ್ಮ ಪೈಪೋಟಿ ಹೇಗೆ ನಡೆಯುತ್ತದೆ ಎಂದು ಅಧಿಕಾರಿ ಕೇಳಿದರು.

ಮಾಲಕಿಗೆ ನಗು ಬಂತು. “ಪೈಪೋಟಿ ಯಾಕ್ರಿ? ಅವರ ಕಡೆ ರೊಟ್ಟಿ ತೀರಿದ್ರ ನನ್ನ ಕಡೆಯಿಂದ ಒಯ್ತಾರ. ನನ್ನವು ತೀರಿದ್ರ ನಾ ಬುಟ್ಟಿ ಕಳಸ್ತೀನಿ. ರೇಟ್ ಒಂದ ಐತಿ, ಗಿರಾಕಿ ಎಲ್ಲಿ ಉಂಡ್ರೇನು?”

ನಾನು ಅದನ್ನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ತಂದೆ. ತಪ್ಪಾಗಿ ಹೇಳುವಂತಿರಲಿಲ್ಲ. ಅಧಿಕಾರಿ ತಲೆಯೆತ್ತಿ ಅವರನ್ನೊಮ್ಮೆ ನೋಡಿ ಬರೆದುಕೊಂಡರು. ಮಾಲಕಿ ನನ್ನ ಕಡೆ ತಿರುಗಿ, “ಬರೋಬ್ಬರಿ ಹೇಳಿದ್ನೆಲ್ರಿ?” ಎಂದು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದೆ. ಆ ಕೋಣೆಯಿಂದ ಎದ್ದು ಓಡಿಹೋಗುವಷ್ಟು ನಾಚಿಕೆಯಾಯಿತು.

ಮರುದಿನ ದೆಹಲಿಯ ವಕೀಲರು ಫೋನು ಮಾಡಿದರು. ಒಂದು ದಾರಿ ಇದೆ ಎಂದರು. ಹೀಗೆ ಕೂಟ ಕಟ್ಟಿ ಬೆಲೆ ನಿಗದಿ ಮಾಡಿದವರಲ್ಲಿ ಯಾರು ಮೊದಲು ಆಯೋಗಕ್ಕೆ ಹೋಗಿ, ಎಲ್ಲ ಒಪ್ಪಿಕೊಂಡು, ಉಳಿದವರ ಹೆಸರು ಹೇಳಿ ಪೂರ್ತಿ ಸಹಕರಿಸುತ್ತಾರೋ ಅವರ ದಂಡವನ್ನು ಪೂರ್ತಿ ಮಾಫಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅದು ಮೊದಲು ಹೋದವರಿಗೆ ಮಾತ್ರ, ಹಿಂದಿನಿಂದ ಹೋದವರಿಗೆ ಸಿಕ್ಕರೂ ಅರ್ಧಂಬರ್ಧ. ಯಾರಾದರೂ ಒಬ್ಬ ಕಕ್ಷಿದಾರರನ್ನು ಆರಿಸಿಕೊಳ್ಳಿ, ಉಳಿದವರಿಗೆ ಬೇರೆ ವಕೀಲರನ್ನು ನೋಡಿಕೊಳ್ಳಲು ಹೇಳಿ, ತಡಮಾಡಬೇಡಿ ಎಂದರು. ಆರಿಸುವುದೇನಿತ್ತು? ದೂರಿನಲ್ಲಿ ಮೊದಲ ಹೆಸರೇ ಮಾಲಕಿಯದು, ಕಳೆದುಕೊಳ್ಳುವುದು ಎಲ್ಲರಿಗಿಂತ ಹೆಚ್ಚು ಇದ್ದದ್ದೂ ಅವರಿಗೇ. ಲಕ್ಷ್ಮೇಶ್ವರದ ಬಸ್ಸು ಹತ್ತಿದೆ.

ಹೋದಾಗ ಊಟದ ಹೊತ್ತು. ಮಾಲಕಿ ಮಾತಿಗೆ ಮೊದಲು ತಾಟು ಇಟ್ಟರು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ. ತುತ್ತು ಬಾಯಿಗಿಡುವಷ್ಟರಲ್ಲಿ ಪಕ್ಕದ ಖಾನಾವಳಿಯ ಹೆಂಗಸು ಖಾಲಿ ಬುಟ್ಟಿ ಹಿಡಿದು ಬಂದಳು. “ಅಕ್ಕಾರ, ಮದವಿ ಮಂದಿ ಒಮ್ಮೆಲೆ ಬಂದು ಕುಂತುಬಿಟ್ರು,” ಎಂದಳು. ಮಾಲಕಿ ಒಲೆಯ ಹತ್ತಿರ ಇದ್ದ ರೊಟ್ಟಿಗಳನ್ನು ಎರಡೂ ಕೈಯಿಂದ ಬಾಚಿ ಬುಟ್ಟಿಗೆ ಹಾಕಿದರು. ಎಷ್ಟು ಎಂದು ಕೊಟ್ಟವರೂ ನೋಡಲಿಲ್ಲ, ಒಯ್ದವಳೂ ಕೇಳಲಿಲ್ಲ. ಈ ಹೆಂಗಸಿನ ಯಜಮಾನನ ಹೆಸರನ್ನು ದೆಹಲಿಗೆ ಬರೆದುಕೊಡಿ ಎಂದು ಹೇಳಲು ಬಂದಿದ್ದೆ ನಾನು.

“ಏನೋ ಹೇಳಾಕ ಬಂದೀರಿ ಅನಸ್ತೈತಿ,” ಎಂದರು ಮಾಲಕಿ, ನನ್ನೆದುರು ಕೂತು.

“ಏನಿಲ್ರಿ. ಕೇಸಿಂದು ಸ್ವಲ್ಪ ತಡಾ ಆಗತೈತಿ, ಅಷ್ಟ,” ಎಂದೆ.

ಉಂಡು ಕೈತೊಳೆದು ಹಿಂದಿರುಗಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನನ್ನ ಬಗ್ಗೆ ನನಗೇ ಗೌರವ ಮೂಡಿತು. ಇಂಥ ಜನರ ಬಾಯಿಂದ ಇಂಥ ಮಾತು ಹೊರಡಿಸುವ ಪಾಪ ನನಗೆ ಬೇಡ, ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ ಎಂದುಕೊಂಡೆ. ದೆಹಲಿಯವರಿಗೆ ಫೋನು ಮಾಡಿ, ನಮ್ಮ ಕಡೆಯವರು ಯಾರೂ ಹಾಗೆ ಮಾಡುವವರಲ್ಲ ಎಂದೆ. ಅವರು, ಕಕ್ಷಿದಾರರನ್ನು ಕೇಳಿದಿರಾ ಎಂದರು. ಕೇಳುವ ಅಗತ್ಯವಿಲ್ಲ, ನನಗೆ ಅವರು ಗೊತ್ತು ಎಂದೆ. ಹಲಗೆಯ ತಪ್ಪು ತಿಳಿಯದೆ ಆದದ್ದು, ಅದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದೇನೆ. ಬಸ್ಸಿನ ಕಿಟಕಿಯ ಪಕ್ಕ ಕೂತು ಬೀಗಿದ್ದನ್ನು ನೆನೆದರೆ ಇಂದಿಗೂ ಮೈ ಕುಗ್ಗುತ್ತದೆ.

ತಿಂಗಳು ಕಳೆಯುವಷ್ಟರಲ್ಲಿ ಅಧ್ಯಕ್ಷರು ಆಫೀಸಿಗೆ ಬಂದರು. ದೊಡ್ಡ ಗಂಟಲು ಇಳಿದಿತ್ತು.

“ವಕೀಲ್ರ, ಮೊದಲು ಹೋಗಿ ಒಪ್ಪಿಕೊಂಡಾಂವಗ ಮಾಫಿ ಐತಿ ಅನ್ನೂದು ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಹಂಗಾರ ನಮಗ ಯಾಕ ಹೇಳ್ಲಿಲ್ರಿ? ಕಂಪನಿಯಾಂವ ಚಾ ಕುಡ್ಯಾಕ ಬಂದು ಹೇಳಿದ. ನಮ್ಮ ವಕೀಲ್ರ ಬಾಯಾಗ ಕೇಳಬೇಕಾದ ಮಾತು ವೈರಿ ಬಾಯಾಗ ಕೇಳಿದೆ ನಾ. ಅಧ್ಯಕ್ಷ ಅಂತ ನನ್ನ ಹೆಸರಿಗೆ ಬ್ಯಾರೆ ನೋಟಿಸ್ ಬಂದೈತಿ. ಮನಿ ಮಂದಿ ಅನ್ನಾ ನೀರು ಬಿಟ್ಟು ಕುಂತಾರ.” ತಲೆ ತಗ್ಗಿಸಿ ಬೆರಳಿನ ಉಂಗುರ ತಿರುಗಿಸಿದರು. “ನಾ ಹೋಗಿ ಬಂದೇನ್ರಿ. ಎಲ್ಲಾ ಹೇಳಿ ಬಂದೇನಿ. ಎಲ್ಲಾರ ಹೆಸರೂ.”

ಬಯ್ಯಬೇಕೆಂದು ಬಾಯಿ ತೆರೆದೆ. ಯಾವ ಮುಖದಿಂದ ಬಯ್ಯಲಿ? ಅವರು ತಮ್ಮ ಹಕ್ಕನ್ನು ಬಳಸಿಕೊಂಡಿದ್ದರು. ಆ ಹಕ್ಕು ಉಳಿದವರಿಗೂ ಇತ್ತು, ಅದನ್ನು ಅವರಿಗೆ ತಿಳಿಸುವುದಕ್ಕೇ ಅವರು ನನ್ನನ್ನು ನೇಮಿಸಿಕೊಂಡಿದ್ದರು. ಚಹಾ ತರಿಸಿದೆ. ಇಬ್ಬರೂ ಕುಡಿಯದೆ ಅದು ಕೆನೆಗಟ್ಟಿತು.

ಆದೇಶ ಬಂತು. ಸಂಘಕ್ಕೂ, ಮುಂದೆ ನಿಂತಿದ್ದ ಕೆಲವು ಮಾಲೀಕರಿಗೂ ದಂಡ. ಮಾಲಕಿಯ ಹೆಸರು ಅದರಲ್ಲಿತ್ತು, ಅಧ್ಯಕ್ಷರಿಗೆ ಮಾಫಿಯಾಗಿತ್ತು. ಒಂದೇ ದರದ ಹಲಗೆಗಳನ್ನು ತೆಗೆಯಬೇಕು, ಬೆಲೆಯ ವಿಷಯಕ್ಕೆ ಇನ್ನು ಮುಂದೆ ಒಟ್ಟಿಗೆ ಕೂರಬಾರದು ಎಂದೂ ಇತ್ತು. ಕಂಪನಿಯ ಮೇಲಿನ ತನಿಖೆ ಬೇರೆಯಾಗಿ ನಡೆದಿದೆ. ಅವರ ಕಡೆ ದೊಡ್ಡ ದೊಡ್ಡ ವಕೀಲರಿದ್ದಾರೆ, ಒಂದೊಂದು ಕಾಗದದ ಗೋಪ್ಯತೆಗೂ ಒಂದೊಂದು ಅರ್ಜಿ ಹಾಕುತ್ತಾರೆ, ಅದು ಇನ್ನೂ ನಡೆದೇ ಇದೆ. ಮುಂಡರಗಿಯ ಸಾಹೇಬರು ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಂವ ನಮ್ಮ ರೇಟ್ ಕಟ್ಟಿದ್ರ ಯವ್ವಾರ, ನಾವು ಕಟ್ಟಿದ್ರ ಗುನ್ಹೆ. ಆತು ಬಿಡ್ರಿ ವಕೀಲ್ರ.” ಅವರು ತಮಾಷೆ ಮಾಡಲಿಲ್ಲವೆಂಬುದೇ ನನಗೆ ಬಯ್ದ ಹಾಗಾಯಿತು.

ಲಕ್ಷ್ಮೇಶ್ವರಕ್ಕೆ ಹೋಗಲು ಬಹಳ ದಿನ ಧೈರ್ಯವಾಗಲಿಲ್ಲ. ಕೊನೆಗೆ ಹೋದೆ. ದಂಡ ಕಟ್ಟಲು ಮಾಲಕಿ ಮುಂದಿನ ಅರ್ಧ ಜಾಗವನ್ನು ಮೊಬೈಲು ಕವರು ಮಾರುವವನಿಗೆ ಬಾಡಿಗೆಗೆ ಕೊಟ್ಟಿದ್ದರು. ಒಳಗೆ ಒಂದೇ ಬೆಂಚು ಉಳಿದಿತ್ತು. ರೊಟ್ಟಿ ಬಡಿಯುತ್ತಿದ್ದ ಇಬ್ಬರಲ್ಲಿ ಒಬ್ಬಳಿಲ್ಲ. ಗೋಡೆಯಲ್ಲಿ ಹಲಗೆ ಇದ್ದ ಜಾಗ ಮಾತ್ರ ಹೊಗೆ ಹತ್ತದೆ ಬೆಳ್ಳಗೆ ಕಾಣುತ್ತಿತ್ತು. ಕಂಪನಿ ಕೇಳಿದ್ದಕ್ಕೆಲ್ಲ ಒಪ್ಪಿ ಸಹಿ ಹಾಕಿದ್ದರು. ಈಗ ಫೋನಿನಲ್ಲಿ ಅವರ ಖಾನಾವಳಿ ದಿನವಿಡೀ ತೆರೆದಿರುತ್ತದೆ.

“ಬಾಜೂದವರು ಬುಟ್ಟಿ ತಗೊಂಡು ಬರ್ತಾರೇನ್ರಿ?” ಎಂದು ಕೇಳಿದೆ.

“ಇಲ್ರಿ. ಅಂಜ್ಯಾರ. ರೊಟ್ಟಿ ಕೊಟ್ರೂ ಕೇಸ್ ಆಗತೈತೇನ್ರಿ?”

“ಆಗಂಗಿಲ್ಲ.”

“ಅದನ್ನ ಅವರಿಗೆ ಯಾರ್ ಹೇಳಬೇಕು?” ಎಂದರು ಮಾಲಕಿ, ತಟ್ಟುತ್ತಿದ್ದ ರೊಟ್ಟಿಯಿಂದ ಕಣ್ಣೆತ್ತದೆ. ಅದರ ಅಂಚು ತಟ್ಟುತ್ತಾ ಕೇಳಿದರು. “ಅವತ್ತ ಬಂದಿದ್ರೆಲ್ಲ, ಏನಿಲ್ಲ ಅಂತ ಹೇಳಿ ಹೋದ್ರಿ. ಈ ಮಾಫಿ ಮಾತು ಹೇಳಾಕ ಬಂದಿದ್ರೇನ್ರಿ?”

“ಹೌದ್ರಿ.”

“ಮತ್ತ ಯಾಕ ಹೇಳ್ಲಿಲ್ಲ?”

ನಿಜವನ್ನೇ ಹೇಳಿದೆ. ಆ ಹೆಂಗಸು ಬುಟ್ಟಿ ಹಿಡಿದು ಬಂದದ್ದು, ಅವರು ರೊಟ್ಟಿ ಬಾಚಿ ಕೊಟ್ಟದ್ದು, ನನ್ನ ಬಾಯಿ ಕಟ್ಟಿದ್ದು. ನೀವು ಹೇಗೂ ಒಲ್ಲೆ ಅನ್ನುವವರು ಎಂದುಕೊಂಡೆ, ಎಂದೆ.

ಮಾಲಕಿ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿದರು.

“ಒಲ್ಲೆ ಅಂತಿದ್ನೋ, ಹೂಂ ಅಂತಿದ್ನೋ, ನನಗ ಗೊತ್ತಿಲ್ರಿ. ಖರೇನ ಗೊತ್ತಿಲ್ಲ. ಮನಿಯಾಗ ಕುಂತು ಭಾಳ ಸರ್ತಿ ವಿಚಾರ ಮಾಡೇನಿ. ಒಂದೊಂದು ದಿನ ಹೂಂ ಅಂತಿದ್ದೆ ಅನಸ್ತೈತಿ. ಇಬ್ಬರು ಹೆಣಮಕ್ಕಳ ಹೊಟ್ಟಿ ಇದರ ಮ್ಯಾಲ ಇತ್ತಲ್ರಿ.” ರೊಟ್ಟಿ ತಿರುವಿ ಹಾಕಿದರು. “ನಾ ಛಲೋ ಹೆಣಮಗಳು ಅಂತ ನೀವ ತೀರ್ಮಾನ ಮಾಡಿ ಬಸ್ ಹತ್ತಿದ್ರಿ. ಒಂದ್ ಮಾತ್ ನನ್ನ ಕೇಳಬೇಕಿತ್ತು.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪವಾದರೂ ಹಗುರಾಗುತ್ತಿತ್ತು. ತಪ್ಪಾಯಿತು ಎಂದೆ. ಅವರು ತಾಟು ತೊಳೆದು ತಂದು ಮುಂದೆ ಇಟ್ಟರು. ಫೋನು ಒಮ್ಮೆ ಕಿಣಿಗುಟ್ಟಿತು, ಯಾರೋ ಊಟ ಹೇಳಿದ್ದರು. ಅದನ್ನು ಹಾಗೆಯೇ ಬಿಟ್ಟು ನನಗೆ ಬಡಿಸಿದರು. ಬೇಡವೆನ್ನುವ ಯೋಗ್ಯತೆಯೂ ನನಗಿರಲಿಲ್ಲ. ಉಂಡೆ.

ತಾಟಿನ ರೊಟ್ಟಿ ಮುಗಿದಾಗ ಮಾಲಕಿ ಇನ್ನೊಂದನ್ನು ತಂದು ನನ್ನ ಪಕ್ಕ ನಿಂತರು. ಮೊದಲಾಗಿದ್ದರೆ ಕೇಳದೆ ಹಾಕಿಬಿಡುತ್ತಿದ್ದರು.

“ಹಾಕ್ಲೇನ್ರಿ?” ಎಂದರು.

ನಾನು ಹೂಂ ಅನ್ನುವವರೆಗೂ ಆ ಬಿಸಿ ರೊಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.